ಬೆಲ್ಲದ ಬಣ್ಣದ ದಾಸವಾಳ

ಗಿಡಕ್ಕೆ ಜೀವ ಇದೆಯೋ ಇಲ್ಲವೋ ಎಂದು ನೋಡಬೇಕಾದರೆ ಟೊಂಗೆಯ ಸಿಪ್ಪೆಯನ್ನು ಉಗುರಿನಿಂದ ಚೂರು ಕೆರೆಯಬೇಕು. ಒಳಗೆ ಹಸಿರು ಕಂಡರೆ ಜೀವ ಇದೆ. ಕಂದು ಕಂಡರೆ ಅಲ್ಲಿ ಇಲ್ಲ, ಇನ್ನೂ ಕೆಳಗೆ ಕೆರೆದು ನೋಡಬೇಕು. ತೋಟಗಾರಿಕೆ ಕಾಲೇಜಿನಲ್ಲಿ ಇದನ್ನು ಮೊದಲ ವರ್ಷವೇ ಕಲಿಸುತ್ತಾರೆ. ಮೂಡಲಗಿಯ ಆ ಮನೆಯ ದಾಸವಾಳವನ್ನು ಬೇಸಿಗೆಯಿಂದ ದೀಪಾವಳಿಯವರೆಗೆ ಎಷ್ಟು ಸಲ ಹೀಗೆ ಕೆರೆದು ನೋಡಿದೆನೋ ನನಗೇ ನೆನಪಿಲ್ಲ.

ಶುರುವಾದದ್ದು ನಮ್ಮ ನರ್ಸರಿಯ ಗೇಟಿನಲ್ಲಿ. ಗೋಕಾಕದಿಂದ ಮೂಡಲಗಿಗೆ ಹೋಗುವ ರಸ್ತೆಯ ಪಕ್ಕ ಒಂದಿಷ್ಟು ಜಾಗ ಹಿಡಿದು ನಾನೂ ನಮ್ಮಪ್ಪನೂ ಸಸಿ ಬೆಳೆಸುತ್ತೇವೆ. ಮನೆ ಹುಕ್ಕೇರಿ ಕಡೆಯ ಘೋಡಗೇರಿಯಲ್ಲಿ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತೇವೆ. ಯುಗಾದಿ ಕಳೆದ ಮೇಲೆ ಒಂದು ದಿನ ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಸೀದಾ ಒಳಗೆ ಬರುತ್ತಿದ್ದರು. ಚೀಲದಿಂದ ಹೊರಗೆ ಇಣುಕುತ್ತಿದ್ದ ಟೊಂಗೆಯ ತುದಿ ಹಿಟ್ಟು ಮೆತ್ತಿದಂತೆ ಬೆಳ್ಳಗಿತ್ತು.

"ಅಲ್ಲೇ ನಿಂದರ್ರಿ ಕಾಕಾ, ಒಳಗ ಬರಬ್ಯಾಡ್ರಿ!" ಎಂದು ನಾನು ಕೂಗಿಯೇಬಿಟ್ಟೆ.

ಅವರು ಗೇಟಿನಲ್ಲೇ ನಿಂತರು. "ಯಾಕವಾ ತಂಗಿ, ನಾ ಏನ ತಪ್ಪ ಮಾಡೇನಿ? ಹೊರಗ ನಿಂದ್ರಸಾಕತ್ತಿಯಲ್ಲ ನನ್ನ?"

"ನಿಮ್ಮನ್ನಲ್ರಿ, ನಿಮ್ಮ ಕೈಯಾಗಿನ ಚೀಲಾನ. ಅದರಾಗ ಹಿಟ್ಟಿನ ಹುಳ ಅದಾವು. ಒಂದ ಒಳಗ ಬಂತಂದ್ರ ನಮ್ಮ ಸಸಿ ಎಲ್ಲಾ ಹೋದ್ವು."

ಮಣ್ಣು ತುಂಬುತ್ತಿದ್ದ ನಮ್ಮಪ್ಪ ನಗುತ್ತ ಎದ್ದು ಬಂದ. "ಚೀಲ ಅಲ್ಲೇ ಇಟ್ಟು ನೀವ ಬರ್ರಿ ಸಾವಕಾರ್ರ. ನಮ್ಮ ಪದವೀಧರ ಮಗಳು ಮನಷ್ಯಾರನ್ನ ಒಳಗ ಬಿಡತಾಳ, ಹುಳಾನ್ನ ಬಿಡಂಗಿಲ್ಲ."

ಸಾವಕಾರರೂ ನಕ್ಕರು. ನಮ್ಮಪ್ಪ ತನ್ನ ಹರೆಯದಲ್ಲಿ, ಮೇಲೆ ಹತ್ತುವಂತಿಲ್ಲದೆ, ಎಷ್ಟೋ ಅಂಗಡಿಗಳ ಕಟ್ಟೆಯ ಕೆಳಗೆ ನಿಂತು ಸಾಮಾನು ತಂದವನು. ಅವತ್ತು ಅವನು ಯಾಕೆ ಅಷ್ಟು ಹೊತ್ತು ನಕ್ಕ ಎನ್ನುವುದು ಸಾವಕಾರರಿಗೆ ತಿಳಿಯಿತೋ ಇಲ್ಲವೋ. ನನಗೆ ತಿಳಿಯಿತು.

ಅವರು ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ ಮಾಡುವ ಜೈನರು. ಟೊಂಗೆ ಮನೆಯ ದಾಸವಾಳದ್ದು. "ಒಂದ ಗಿಡ ಹೋದ್ರ ಇನ್ನೊಂದ ಹಚ್ಚಬಹುದಲ್ರಿ" ಎಂದೆ. ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ಅದು ನನ್ನ ಮಗಳ ಹಚ್ಚಿದ್ದು ತಂಗಿ. ಬಂದು ನೋಡು. ಆಮ್ಯಾಲ ಹೇಳು."

ಮರುದಿನವೇ ಹೋದೆ. ಅಂಗಳದ ಮೂಲೆಯಲ್ಲಿ, ಬೆಲ್ಲದ ಗೋದಾಮಿನ ಗೋಡೆಯ ಪಕ್ಕ, ನನ್ನಷ್ಟೇ ಎತ್ತರದ ಗಿಡ. ತುದಿಗಳೆಲ್ಲ ಮುಷ್ಟಿ ಕಟ್ಟಿದಂತೆ ಮುದುಡಿದ್ದವು. ಎಲೆಯ ಸಂದಿಯಲ್ಲಿ, ಮೊಗ್ಗಿನ ತೊಟ್ಟಿನಲ್ಲಿ, ಎಲ್ಲಿ ನೋಡಿದರೂ ಬಿಳಿ ಹಿಟ್ಟು. ಈ ಹುಳ ಗಿಡದ ರಸ ಹೀರಿ ಸಿಹಿಯಾದ ಅಂಟನ್ನು ಹೊರಗೆ ಬಿಡುತ್ತದೆ. ಆ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಮಸಿ ಕೂತಿತ್ತು. ಉಗುರು ಹಾಕಿ ಕೆರೆದೆ. ಹಸಿರು ಇತ್ತು.

ಸಾವಕಾರರ ಹೆಂಡತಿ ಹೊರಗೆ ಬಂದರು. ಮೊದಲ ದಿನದಿಂದಲೇ ಅವರನ್ನು ಕಾಕು, ಚಿಕ್ಕಮ್ಮ, ಎಂದು ಕರೆದೆ. ಅವರು ನನ್ನನ್ನು ಮರಾಠಿಯ ರೂಢಿಯಲ್ಲಿ ಬಾಳಾ, ಮಗುವೇ, ಎಂದು ಕರೆಯುತ್ತಿದ್ದರು. ಗಿಡದ ಕಥೆ ಹೇಳಿದ್ದೂ ಅವರೇ. ಮಗಳು ಗೋಕಾಕದಲ್ಲಿ ಬಿಎಸ್ಸಿ ಓದುತ್ತಿದ್ದಳು. ಹುಕ್ಕೇರಿಯ ಗೆಳತಿಯ ಮನೆಯ ಹಳದಿ ದಾಸವಾಳದ ಪರಾಗವನ್ನು ಕಾಗದದಲ್ಲಿ ಕಟ್ಟಿ ತಂದು, ಅಂಗಳದಲ್ಲಿದ್ದ ಕೆಂಪು ಹೂವಿಗೆ ಸವರಿದ್ದಳು. ಕಾಯಿ ಕಟ್ಟಿತು. ಬೀಜವನ್ನು ಹಳೆಯ ತುಪ್ಪದ ಡಬ್ಬಿಯಲ್ಲಿ ಊರಿದಳು. ಸಸಿ ಮೊಣಕಾಲೆತ್ತರ ಬಂದಾಗ ಜ್ವರ ಬಂತು. ಬೆಳಗಾವಿಯ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

"ಮರುವರ್ಷ ಹೂವಾತು" ಎಂದರು ಕಾಕು. "ಹಳದಿನೂ ಅಲ್ಲ, ಕೆಂಪೂ ಅಲ್ಲ. ಹೊಸಾ ಬೆಲ್ಲದ ಬಣ್ಣ. ಆಕಿ ನೋಡಲೇ ಇಲ್ಲ ಬಾಳಾ."

ನನಗೆ ಆಗ ಸಾವಕಾರರ ಮಾತು ಅರ್ಥವಾಯಿತು. ಬೀಜದಿಂದ ಬಂದ ದಾಸವಾಳ ತಾಯಿಯಂತೆಯೂ ಇರುವುದಿಲ್ಲ, ತಂದೆಯಂತೆಯೂ ಇರುವುದಿಲ್ಲ. ಒಂದೊಂದು ಬೀಜಕ್ಕೂ ಅದರದೇ ಹೂವು. ಟೊಂಗೆಯಿಂದ ಕಸಿ ಮಾಡಿ ಉಳಿಸಿಕೊಂಡರೆ ಉಂಟು, ಇಲ್ಲದಿದ್ದರೆ ಆ ಗಿಡದ ಜೊತೆಗೇ ಆ ಹೂವೂ ಮುಗಿಯುತ್ತದೆ. ಈ ಹೂವು ಜಗತ್ತಿನಲ್ಲಿ ಆ ಮೂಲೆಯಲ್ಲಿ ಮಾತ್ರ ಇತ್ತು.

"ಔಷಧ ಹೊಡಿಯಾಕ ಬಂದಿ ಏನು?" ಎಂದು ಕಾಕು ಕೇಳಿದರು.

"ಹೊಡೀಲಿಲ್ಲಂದ್ರ ಉಳಿಯೂದು ಕಷ್ಟ ಐತ್ರಿ ಕಾಕು."

"ಆಕಿ ಗಿಡದಾಗ ಜೀವ ತಗೀಬ್ಯಾಡ. ಬ್ಯಾರೆ ಏನರ ಬರತಿದ್ರ ಮಾಡು. ಇಲ್ಲಂದ್ರ ಚಹಾ ಕುಡದ ಹೋಗು."

ನಮ್ಮ ಮನೆಯಲ್ಲೂ ಹುಣ್ಣಿಮೆಗೆ ಬುದ್ಧನ ಫೋಟೋದ ಮುಂದೆ ಕೂತು ಪಂಚಶೀಲ ಹೇಳುತ್ತೇವೆ. ಅದರ ಮೊದಲ ಮಾತೇ ಕೊಲ್ಲುವುದಿಲ್ಲ ಎಂದು. ಹೇಳಿ ಮುಗಿಸಿ ನಮ್ಮಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಕಂಡವರ ಕಬ್ಬಿಗೆ ಔಷಧ ಹೊಡೆಯಲು ಹೋಗುತ್ತಿದ್ದ. ಹಾಗೆ ಹೊಡೆದೇ ನನ್ನನ್ನು ಓದಿಸಿದ. ಹೀಗಾಗಿ ಕಾಕುವಿನ ಮಾತು ನನಗೆ ವಿಚಿತ್ರ ಅನ್ನಿಸಲಿಲ್ಲ, ಕಷ್ಟ ಅನ್ನಿಸಿತು. ಗುಲಗಂಜಿಯಂಥ ಚಿಕ್ಕ ಜೀರುಂಡೆಗಳಿವೆ, ಅವು ಈ ಹುಳವನ್ನು ತಿನ್ನುತ್ತವೆ, ತರಿಸಿ ಬಿಡೋಣವೇ ಎಂದೂ ಕೇಳಿದೆ. ಕಾಕು ಸ್ವಲ್ಪ ಯೋಚಿಸಿದರು. "ತಾವಾಗಿ ಬಂದ್ರ ಬರಲಿ. ಅದು ಅವುಗಳ ಹೊಟ್ಟಿಪಾಡು. ನೀ ಕರಕೊಂಡ ಬರಬ್ಯಾಡ."

ಕೊಲ್ಲದೆ ಮಾಡಬಹುದಾದದ್ದು ಮೂರೇ ಕೆಲಸ: ತೊಳೆಯುವುದು, ಕತ್ತರಿಸುವುದು, ತಡೆಯುವುದು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ಜೋರಾಗಿ ಎಲೆಯ ಅಡಿಗೆ ಹೊಡೆದೆ. ಕಾಕು ಕೆಳಗೆ ಒದ್ದೆ ಪಂಚೆ ಹಿಡಿದು ಕೂತರು. ಬಿದ್ದ ಹುಳ ಅದರಲ್ಲಿ ಸೇರಬೇಕು. ಮುದುಡಿದ ತುದಿಗಳನ್ನೆಲ್ಲ ಕತ್ತರಿಸಿ ಬಕೆಟ್ಟಿಗೆ ಹಾಕಿದೆ. ಸುಡುವಂತಿಲ್ಲ. ಮೇಲವಂಕಿ ಕಡೆ ಬೆಳೆ ಇಲ್ಲದೆ ಪಡ ಬಿದ್ದ ಒಂದು ಹೊಲ ನನಗೆ ಗೊತ್ತಿತ್ತು. ಸಾವಕಾರರು ಸ್ಕೂಟರಿನಲ್ಲಿ ಬಕೆಟ್ ಇಟ್ಟುಕೊಂಡು ಹೊರಟರು. "ನಮ್ಮ ಮಂದಿ ಬೆಲ್ಲ ಒಯ್ಯತಾರ, ನಾ ಹುಳಾನ್ನ ವನವಾಸಕ್ಕ ಒಯ್ಯಾಕತ್ತೇನಿ" ಎಂದು ಗೇಟಿನಲ್ಲಿ ಹೇಳಿದರು. ಕಾಕು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಆ ಬಿಸಿಲಿನಲ್ಲಿ ಅವು ಎಷ್ಟು ಹೊತ್ತು ಬದುಕಿದವು ಎಂದು ಕಾಕು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಉಳಿದದ್ದು ಇರುವೆ. ಬುಡದಲ್ಲಿ ಕೆಂಪಿರುವೆಗಳ ಸಾಲು ಮೇಲಕ್ಕೂ ಕೆಳಕ್ಕೂ ಹರಿಯುತ್ತಿತ್ತು. ಅವಕ್ಕೆ ಹುಳದ ಸಿಹಿ ಅಂಟು ಬೇಕು. ಅದಕ್ಕಾಗಿ ಹುಳವನ್ನು ಕಾಯುತ್ತವೆ, ತಿನ್ನಲು ಬಂದ ಜೀರುಂಡೆಯನ್ನು ಓಡಿಸುತ್ತವೆ, ಮರಿಗಳನ್ನು ಬಾಯಲ್ಲಿ ಕಚ್ಚಿ ಹೊಸ ಚಿಗುರಿಗೆ ಒಯ್ಯುತ್ತವೆ. ಇರುವೆ ಹತ್ತದಿದ್ದರೆ ಹುಳ ತಾನಾಗಿ ಕಡಿಮೆಯಾಗುತ್ತದೆ. ಕಾಂಡಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ವ್ಯಾಸಲೀನು ಬಳಿದೆ. ಇರುವೆ ಅಲ್ಲಿಯವರೆಗೆ ಬಂದು ಮೀಸೆ ಆಡಿಸಿ ತಿರುಗಿ ಹೋಗುತ್ತದೆ. ಸಾಯುವುದಿಲ್ಲ.

ಇದರ ಜೊತೆಗೆ ಕಸಿಗೂ ಕೈಹಾಕಿದೆ. ಇಂಥ ಮಿಶ್ರತಳಿಯ ಟೊಂಗೆ, ನಾಡಿನ ದಾಸವಾಳದಂತೆ ಸುಮ್ಮನೆ ಮಣ್ಣಿಗೆ ಊರಿದರೆ ಬೇರು ಬಿಡುವುದು ಅಪರೂಪ. ಗಿಡದ ಶುದ್ಧವಾದ ಕೆಲವು ಕುಡಿಗಳನ್ನು ತೊಳೆದು ತಂದು, ನಾಡಿನ ಕೆಂಪು ದಾಸವಾಳದ ಸಸಿಗಳನ್ನು ಸೀಳಿ, ಅದರಲ್ಲಿ ಕೂರಿಸಿ, ಪಟ್ಟಿ ಬಿಗಿದು, ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿ ನೆರಳಿನಲ್ಲಿಟ್ಟೆ. ಬೇಸಿಗೆ ಕಸಿಯ ಕಾಲವಲ್ಲ, ಗೊತ್ತಿತ್ತು. ಆದರೆ ಕಾಯಲು ಧೈರ್ಯವಿರಲಿಲ್ಲ. ಒಂದೊಂದಾಗಿ ಕಪ್ಪಾದವು. ಒಂದು ಮಾತ್ರ ಎಲೆ ಬಿಟ್ಟು ಆಸೆ ತೋರಿಸಿ, ಅದೂ ಉದುರಿತು. ನಾನು ಟೊಪ್ಪಿಗೆ ತೆಗೆದು ನೋಡುತ್ತ ಕೂತಿದ್ದರೆ ನಮ್ಮಪ್ಪ, "ಏಳ ಬೇ, ಎಷ್ಟ ನೋಡಿದ್ರೂ ಹಸರಾಗಂಗಿಲ್ಲ ಅದು. ಮಳಿ ಬರಲಿ" ಎಂದ. ಮಳೆ ಹಿಡಿದ ಮೇಲೆ ಗೂಟಿ ಕಟ್ಟಬಹುದಿತ್ತು. ಎಂದರೆ, ಟೊಂಗೆ ತಾಯಿಗಿಡದ ಮೇಲೇ ಇರುವಾಗ ಬಳೆಯಗಲ ಸಿಪ್ಪೆ ಸುಲಿದು, ಹಸಿ ಪಾಚಿ ಸುತ್ತಿ ಕಟ್ಟುವುದು. ಅಲ್ಲೇ ಬೇರು ಒಡೆಯುತ್ತದೆ. ದಾಸವಾಳಕ್ಕೆ ಮಳೆಗಾಲದಲ್ಲಿ ಇದು ಹುಸಿ ಹೋಗುವುದು ಕಡಿಮೆ.

ಅಷ್ಟರಲ್ಲಿ ಗಿಡ ಚೇತರಿಸಿಕೊಂಡಿತ್ತು. ಹೊಸ ಚಿಗುರು ನೆಟ್ಟಗೆ ಬಂತು. ಮೃಗಶಿರ ಮಳೆಯ ಮೋಡ ಕಟ್ಟುವ ಹೊತ್ತಿಗೆ ಸಾವಕಾರರ ಫೋನು: "ತಂಗಿ, ಒಂದ ಹೂ ಅರಳೇತಿ! ನಾಳಿಗೆ ಇನ್ನೊಂದ ಅರಳತೈತಿ, ಬಾ."

ದಾಸವಾಳ ಒಂದೇ ದಿನದ ಹೂವು. ಬಿಸಿಲೇರುವ ಮುಂಚೆ ನೋಡಬೇಕೆಂದು ಮೊದಲ ಬಸ್ಸು ಹಿಡಿದು ಹೋದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಹೂವು ಅರಳಿತ್ತು. ಅಂಚಿನಲ್ಲಿ ತೆಳು ಹಳದಿ. ಒಳಕ್ಕೆ ಹೋದಂತೆ ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಬೆಲ್ಲದ ಬಣ್ಣ. ನಡುವೆ ಒಂದು ಕಡುಗೆಂಪು ಕಣ್ಣು. ಓದಿನಲ್ಲಿ, ಕೆಲಸದಲ್ಲಿ ನಾನು ಬಹಳ ದಾಸವಾಳ ನೋಡಿದ್ದೇನೆ. ಅದನ್ನು ನೋಡಿರಲಿಲ್ಲ.

ಆ ಹೂವಿನ ತೊಟ್ಟಿನಲ್ಲೇ ಇರುವೆ ಇತ್ತು. ಅದರ ಹಿಂದೆ ಬಿಳಿ ಹಿಟ್ಟು.

ಪಟ್ಟಿ ನೋಡಿದೆ. ಸರಿಯಾಗಿಯೇ ಇತ್ತು. ಸಾಲು ಎಲ್ಲಿಂದ ಹತ್ತುತ್ತಿದೆ ಎಂದು ಬಗ್ಗಿ ನೋಡಿದರೆ, ಒಣಗಿದ ಕಬ್ಬಿನ ಕೋಲೊಂದನ್ನು ಗಿಡಕ್ಕೆ ಆನಿಸಿ ಇಟ್ಟಿದ್ದರು. ಕೆಳತುದಿ ನೆಲದಲ್ಲಿ, ಮೇಲ್ತುದಿ ಪಟ್ಟಿಗಿಂತ ಮೇಲಿನ ಕವಲಿನಲ್ಲಿ. ಇರುವೆಗಳು ಆ ಕೋಲಿನ ಮೇಲೆ ಆರಾಮಾಗಿ ಹೋಗಿ ಬರುತ್ತಿದ್ದವು. ಕೋಲಿನ ಬುಡದಲ್ಲಿ ತೆಂಗಿನ ಚಿಪ್ಪು, ಅದರಲ್ಲಿ ಬೆಲ್ಲದ ಪುಡಿ.

ಕಾಕು ಹಿತ್ತಾಳೆಯ ಬಟ್ಟಲು ಹಿಡಿದು ಹೊರಗೆ ಬಂದರು. "ಬಂದೀ? ನೋಡು, ಹೆಂಗ ಅರಳೇತಿ!" ಎನ್ನುತ್ತ ಬಗ್ಗಿ, ಬಟ್ಟಲಿನಿಂದ ಒಂದು ಚಿಟಿಕೆ ಬೆಲ್ಲ ತೆಗೆದು ಚಿಪ್ಪಿಗೆ ಹಾಕಿದರು.

"ಈ ಕೋಲ ಯಾರ ಇಟ್ಟಾರ್ರಿ ಕಾಕು?"

"ನಾನ ಇಟ್ಟೇನಿ. ನೀ ಪಟ್ಟಿ ಕಟ್ಟಿದ ಮ್ಯಾಲ ಪಾಪ, ಮ್ಯಾಲ ಹೋಗಾಕ ಹಾದಿನ ಇಲ್ಲದಂಗ ಆತು ಅವಕ್ಕ. ಅಲ್ಲೇ ಗಿರಕಿ ಹೊಡೀತಿದ್ವು. ಮ್ಯಾಲ ಅವುಗಳ ಮರಿ ಅದಾವೇನೋ ಅನಕೊಂಡೆ."

"ಬೆಲ್ಲಾ?"

"ಅದು ದಿನಾ ನಸಕಿನ್ಯಾಗ ಹಾಕತೇನಿ, ನೀ ಬರೂದರಾಗ ಖಾಲಿ ಮಾಡಿರತಾವು. ಆಕಿ ಹೋದಾಗಿಂದ. ಆಕಿ ಹೆಸರಿಲೆ, ಆಕಿ ಗಿಡದ ಬುಡಕ್ಕ."

ಹೇಳದೆ ಕೋಲು ತೆಗೆದು ಬಿಸಾಡಿ ಹೋಗಬಹುದಿತ್ತು. ಆದರೆ ಬೆಲ್ಲ ಇರುವವರೆಗೆ ಇರುವೆ ಇನ್ನೊಂದು ಹಾದಿ ಹುಡುಕುತ್ತಿತ್ತು. ಹೇಳಲೇಬೇಕಿತ್ತು. ಹೇಳಿದೆ.

"ಕಾಕು, ಇರುವಿ ಈ ಬಿಳೀ ಹುಳಾನ್ನ ನಾವು ಎಮ್ಮಿ ಸಾಕಿದಂಗ ಸಾಕತಾವ್ರಿ. ಹಾಲ ಹಿಂಡಿಕೊಂಡಂಗ ಅದರ ಅಂಟ ಕುಡೀತಾವು. ಮೇವ ಚೊಲೋ ಇದ್ದ ಕಡೆ ಹೊಡಕೊಂಡ ಹೋಗತಾವು."

ಕಾಕುವಿಗೆ ಮೊದಲು ನಗು ಬಂತು. "ಇಷ್ಟ ಶಾಣ್ಯಾ ಅದಾವೇನ ಅವು?" ಎಂದರು. ಆಮೇಲೆ ನಗು ಹಾಗೇ ನಿಂತಿತು. ಚಿಪ್ಪು ನೋಡಿದರು, ಕೋಲು ನೋಡಿದರು.

"ಅಂದ್ರ ನಾ ಹಾಕೂ ಬೆಲ್ಲಕ್ಕ ಇರುವಿ ಬಂದು..." ಎಂದರು.

ಕೋಲನ್ನು ತಾವೇ ತೆಗೆದರು. ತೆಗೆಯುವ ಮುಂಚೆ ಅದನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತ ನಿಂತರು, ಒಂದೂ ಇರುವೆ ಉಳಿಯದಂತೆ ಎಲ್ಲ ಇಳಿದು ಹೋಗುವವರೆಗೆ.

ಅಂದಿನಿಂದ ಬೆಲ್ಲದ ಚಿಪ್ಪು ಗೋದಾಮಿನ ಹಿಂದಕ್ಕೆ ಹೋಯಿತು. ಕಾಕು ಗಿಡದ ಹತ್ತಿರ ಬರುವುದನ್ನೂ ಬಿಟ್ಟರು. ನಾನು ತೊಳೆಯುವಾಗ ಒದ್ದೆ ಪಂಚೆ ಹಿಡಿಯಲು ಸಾವಕಾರರೇ ಕೂರುತ್ತಿದ್ದರು. ಹೇಳಬಾರದಿತ್ತೇ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ಮಳೆ ಹಿಡಿಯಿತು. ಮೂಡಲಗಿಯದು ಎರೆಮಣ್ಣು, ಒಮ್ಮೆ ನೆನೆದರೆ ಬೇಗ ಆರುವುದಿಲ್ಲ. ಗಟ್ಟಿ ಗಿಡವಾದರೆ ತಡೆದುಕೊಳ್ಳುತ್ತಿತ್ತು. ಇದರ ಬುಡದಲ್ಲಿ ಇರುವೆ ಗೂಡು ಮಾಡಿ ಬೇರು ಸಡಿಲಾಗಿತ್ತು, ಎರಡು ಸಲ ರಸ ಹೀರಿಸಿಕೊಂಡು ಸೊರಗಿತ್ತು. ಕಾಲುವೆ ತೋಡಿ ನೀರು ಹೊರಗೆ ಹಾಕಿದೆ, ಬುಡಕ್ಕೆ ಗೋಕಾಕ ಗುಡ್ಡದ ಕೆಂಪು ಮಣ್ಣು ತಂದು ಏರಿಸಿದೆ. ಆದರೂ ಟೊಂಗೆಗಳು ಮೇಲಿನಿಂದ ಒಣಗುತ್ತ ಬಂದವು. ಉಗುರು ಹಾಕಿದರೆ ಪ್ರತಿ ಸಲವೂ ಕಂದು ಇನ್ನಷ್ಟು ಕೆಳಗೆ ಇಳಿದಿರುತ್ತಿತ್ತು. ಕೊನೆಗೆ ಗೋಡೆಯ ಕಡೆಗಿನ ಒಂದು ಕವಲು ಮಾತ್ರ ಹಸಿರಾಗಿ ಉಳಿಯಿತು. ಗೂಟಿ ಕಟ್ಟಲು ಅದು ಸಾಕು. ಕಾಲವೂ ಅದೇ.

ಆದರೆ ಚಾತುರ್ಮಾಸ ಶುರುವಾಗಿತ್ತು. ಆ ನಾಲ್ಕು ತಿಂಗಳು ಹಸಿರು ಕೊಯ್ಯುವುದಿಲ್ಲ, ಕೊಯ್ಯಿಸುವುದಿಲ್ಲ ಎಂದು ಕಾಕು ವರ್ಷವೂ ನೇಮ ಹಿಡಿಯುವವರು. ಸಾವಕಾರರು ಒಬ್ಬರೇ ನರ್ಸರಿಗೆ ಬಂದರು. ಈ ಸಲ ಗೇಟಿನಲ್ಲಿ ತಾವಾಗಿಯೇ ನಿಂತರು.

"ನಾಳಿ ಮುಂಜಾನೆ ನಿಮ್ಮ ಕಾಕು ಬಸದಿಗೆ ಹೋಗತಾಳ. ಬಂದು ಕಟ್ಟಿ ಹೋಗಿಬಿಡು. ಗ್ವಾಡಿ ಕಡೀಗಿನ ಟೊಂಗಿ, ಆಕಿಗೆ ಕಾಣಂಗಿಲ್ಲ."

"ಕಾಕು ಅವ್ರನ್ನ ಕೇಳಲಾರದ..."

"ಗಿಡ ಹಚ್ಚಿದಾಕಿ ನನಗೂ ಮಗಳ ಅಲ್ಲೇನ, ತಂಗಿ?" ಎಂದರು. ಸ್ಕೂಟರು ಹತ್ತಿದರು.

ಮರುದಿನ ಹೋದೆ. ಗೇಟು ತೆರೆದಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ನೆನೆಸಿದ ಪಾಚಿ, ಪ್ಲಾಸ್ಟಿಕ್ ಹಾಳೆ, ದಾರ, ಚಾಕು ಎಲ್ಲ ತಂದಿದ್ದೆ. ಕವಲಿಗೆ ಉಗುರು ಹಾಕಿದೆ. ಹಸಿರು. ಚಾಕು ಬಿಚ್ಚಿದೆ. ಸುಲಿಯುವುದು, ಸುತ್ತುವುದು, ಕಟ್ಟುವುದು: ನನಗೆ ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಕೈ ತಾನಾಗಿ ಸುಲಿಯುವ ಜಾಗ ಹುಡುಕಿತು. ಈ ಟೊಂಗೆ ಬೇರು ಒಡೆದು ಗಿಡವಾದ ಮೇಲೆ ಅದನ್ನು ಕಾಕುವಿನ ಅಂಗಳಕ್ಕೆ ತರಬೇಕಲ್ಲ, ಎಲ್ಲಿಂದ ಬಂತು ಎಂದು ಕೇಳುತ್ತಾರಲ್ಲ ಎಂದು ಆಗ ಹೊಳೆಯಿತು. ತಿಳಿಯದೆ ಬೆಲ್ಲ ಹಾಕಿದ್ದಕ್ಕೇ ಗಿಡದ ಮುಂದೆ ನಿಲ್ಲಲಾಗದವರು. ಅವರ ನೇಮವನ್ನು ಅವರ ಬೆನ್ನ ಹಿಂದೆ ಮುರಿದು ತಂದ ಗಿಡಕ್ಕೆ ಹೇಗೆ ನೀರು ಹಾಕಿಯಾರು? ಚಾಕು ಮಡಚಿ ಕಟ್ಟೆಯ ಮೇಲೆ ಕೂತೆ. ಕಾಕು ಬರಲಿ, ಕೇಳಿಯೇ ಮಾಡೋಣ, ಒಪ್ಪಿಸೋಣ ಎಂದುಕೊಂಡೆ.

ಹಣೆಗೆ ಗಂಧ ಹಚ್ಚಿಕೊಂಡು ಬಂದ ಕಾಕು ನನ್ನನ್ನೂ ಪಾಚಿಯ ಬುಟ್ಟಿಯನ್ನೂ ನೋಡಿದರು. ಯಾರು ಕರೆಸಿದ್ದು ಎಂದು ಕೇಳಲಿಲ್ಲ.

"ಏನ ಮಾಡಬೇಕಂತ ಮಾಡೀದಿ ಬಾಳಾ?"

"ಈ ಒಂದ ಟೊಂಗಿಗೆ ಬಳಿ ಅಗಲ ಸಿಪ್ಪಿ ಸುಲೀಬೇಕ್ರಿ. ಪಾಚಿ ಕಟ್ಟಿದ್ರ ಅಲ್ಲೇ ಬೇರ ಬರತಾವು. ಇಷ್ಟರಾಗ ಮಾಡಿದ್ರ ಅದ ಹೂವ ಉಳೀತೈತಿ. ನಿಮ್ಮ ನೇಮ ಮುಗಿಯೂತನಕ ಗಿಡ ಉಳಿಯಂಗಿಲ್ಲ."

"ಖರೆ ಉಳಿಯಂಗಿಲ್ಲೇನು?"

"ಇಲ್ರಿ."

ಬಹಳ ದಿನಗಳ ಮೇಲೆ ಅವರು ಗಿಡದ ಹತ್ತಿರ ಹೋದರು. ಹಸಿರು ಕವಲನ್ನು, ಮಲಗಿದವರ ಕೈ ಹಿಡಿದ ಹಾಗೆ, ಹಿಡಿದುಕೊಂಡರು.

"ಬೆಳಗಾವ್ಯಾಗ ಡಾಕ್ಟರು ಇನ್ನೊಂದ ಸಲ ನೋಡೂಣು, ಇನ್ನೊಂದ ಸಲ ನೋಡೂಣು ಅಂದ್ರು. ಅವ್ರದೇನೂ ತಪ್ಪಿಲ್ಲ, ಉಳಸಾಕ ಅಂತನ ಮಾಡಿದ್ರು. ನಾನೂ ಹೂಂ, ಹೂಂ ಅಂದೆ. ಕೈಯಾಗ ಸೂಜಿ ಚುಚ್ಚಾಕ ಜಾಗಾ ಉಳೀಲಿಲ್ಲಂತ ಕಾಲಿಗೆ ಚುಚ್ಚಿದ್ರು. ಸಾಕ ಮಾಡ ಅವ್ವಾ, ಅಂದ್ಲು ಆಕಿ. ನಾ ಕೇಳಲಿಲ್ಲ."

ಹಿಡಿದಿದ್ದ ಕವಲನ್ನು ಮೆಲ್ಲಗೆ ಬಿಟ್ಟು ನನ್ನ ಕಡೆ ತಿರುಗಿದರು.

"ಇದಕ್ಕರ ಸಾಕ ಅನ್ನೂಣು ಬಾಳಾ. ಇದನ್ನ ಸುಲೀಬ್ಯಾಡ."

ನೇಮದ ಮಾತನ್ನು ಅವರು ಎತ್ತಲೇ ಇಲ್ಲ. ಗಿಡಕ್ಕೆ ನೋವಾಗುವುದಿಲ್ಲ ಕಾಕು, ಗಿಡ ಬೇರೆ ಮನುಷ್ಯರು ಬೇರೆ ಎಂದು ಹೇಳಲು ನನ್ನ ಬಳಿ ಓದಿದ್ದೆಲ್ಲ ಇತ್ತು. ಚಾಕು ಜೇಬಿಗೆ ಹಾಕಿ ಪಾಚಿಯ ಬುಟ್ಟಿ ಎತ್ತಿಕೊಂಡೆ. ಗೇಟಿನ ಹತ್ತಿರ ಸಾವಕಾರರು ಎದುರಾದರು. ಬುಟ್ಟಿಯಲ್ಲಿ ಪಾಚಿ ಹಾಗೇ ಇದ್ದುದನ್ನು ನೋಡಿದರು. "ಚಹಾ ಕುಡದ ಹೋಗವಾ" ಎಂದಷ್ಟೇ ಅಂದರು.

ಆಮೇಲೂ ಹೋಗುತ್ತಿದ್ದೆ. ಮಾಡಲು ಕೆಲಸವಿರಲಿಲ್ಲ. ಕಾಕು ಮತ್ತೆ ಗಿಡದ ಪಕ್ಕ ಕೂರತೊಡಗಿದ್ದರು, ನಾನೂ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಶ್ರಾವಣದಲ್ಲಿ ಆ ಕವಲಿನಲ್ಲಿ ಒಂದು ಮೊಗ್ಗು ಕಂಡಿತು. ಅರಳುವ ಮುಂಚೆಯೇ ಬಿತ್ತು. ಸಾವಕಾರರ ಫೋನಿನಲ್ಲಿ ಹಿಂದಿನ ಹೂವಿನ ಫೋಟೋ ಇದೆ. ಬೆಲ್ಲದ ಬಣ್ಣ ಅದರಲ್ಲಿ ಬಂದಿಲ್ಲ.

ದೀಪಾವಳಿ ದಾಟಿ ಚಾತುರ್ಮಾಸ ಮುಗಿದ ಮೇಲೆ ಕಾಕು ತಾವೇ ಫೋನು ಮಾಡಿದರು. "ಈಗ ಬಾ. ತಗದಬಿಡು."

ಕಡಿಯುವ ಮುಂಚೆ ರೂಢಿಯಂತೆ ಕೆರೆದು ನೋಡಿದೆ. ತುದಿಯಿಂದ ಶುರುಮಾಡಿ ಕವಲಿಗೆ, ಕವಲಿನಿಂದ ಕಾಂಡಕ್ಕೆ, ಪಟ್ಟಿಯಿದ್ದ ಜಾಗಕ್ಕೆ, ಕೊನೆಗೆ ಮಣ್ಣು ಸರಿಸಿ ಬುಡಕ್ಕೆ. ಎಲ್ಲೂ ಹಸಿರಿರಲಿಲ್ಲ. ಕಾಕು ನನ್ನ ಉಗುರನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ಕಾಂಡ ಕೊಯ್ದು, ಬುಡ ಅಗೆದು, ಬೇರು ಕಿತ್ತೆ. ಸಾವಕಾರರು ಎಲ್ಲವನ್ನೂ ಒಂದು ಹಳೆಯ ಸೀರೆಯಲ್ಲಿ ಕಟ್ಟಿದರು.

ಮೂಲೆಯಲ್ಲಿ ಕುಣಿ ಉಳಿಯಿತು. ಗೋದಾಮಿನ ಗೋಡೆಯ ಗುಂಟ ಇರುವೆಗಳ ಸಾಲು ಬರುತ್ತಿತ್ತು, ಕುಣಿಯ ಅಂಚಿನಲ್ಲಿ ತಡವರಿಸಿ ತಿರುಗುತ್ತಿತ್ತು. ಕಾಕು ಒಳಗೆ ಹೋಗಿ ಹಿತ್ತಾಳೆಯ ಬಟ್ಟಲು ತಂದರು. ಕುಣಿಯ ಪಕ್ಕ ಕೂತು, ಒಂದು ಚಿಟಿಕೆ ಬೆಲ್ಲ ಬೆರಳಲ್ಲಿ ಹಿಡಿದು, ನನ್ನ ಮುಖ ನೋಡಿದರು.

"ಇನ್ನ ಇಲ್ಲಿ ಹಾಕಬಹುದೇನ ಬಾಳಾ?"

"ಹಾಕ್ರಿ ಕಾಕು" ಎಂದೆ.